ಅಕ್ಕನ ಮನೆಯಲ್ಲಿ ಓಡದ ಡಿಸ್ಕು

ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಆ ಮನುಷ್ಯನಿಗೆ ಅಲ್ಲಿಯವರು ಇಟ್ಟ ಹೆಸರು ತಪ್ಪಣ್ಣ. ಅವನೂ ಆ ಹೆಸರಿಗೆ ಮೋಸ ಮಾಡಲಿಲ್ಲ. ಪಠ್ಯಪುಸ್ತಕವಿರಲಿ, ಔಷಧಿ ಡಬ್ಬಿಯ ಚೀಟಿಯಿರಲಿ, ಕೆಂಪು ಪೆನ್ನು ಹಿಡಿದು ಕೂತರೆ ತಪ್ಪು ಸಿಗುವವರೆಗೆ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಬಂದ ಸಂಬಂಧಗಳಲ್ಲೂ ತಪ್ಪು ಹುಡುಕಿ ಮದುವೆಯಾಗದೆ ಉಳಿದ ಎಂದು ಜತೆಯವರು ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ನಿವೃತ್ತನಾದ ಮೇಲೆ ಅವನಿಗೆ ಉಳಿದದ್ದು ಮೂರನೇ ಮಹಡಿಯ ಒಂದು ಕೋಣೆ, ಒಂದು ಹಳೇ ಕಂಪ್ಯೂಟರು, ಎರಡು ಕುರ್ಚಿ. ಎರಡನೇ ಕುರ್ಚಿಯಲ್ಲಿ ಕೂರುವವರಿಲ್ಲದೆ ಅದು ಒಗೆದ ಬಟ್ಟೆಯ ಜಾಗವಾಗಿತ್ತು.

ಒಡಹುಟ್ಟಿದವಳು ಒಬ್ಬಳೇ ಅಕ್ಕ. ಗಂಡ ತೀರಿಕೊಂಡವಳು, ಇಡೀ ಹಗಲು ಬಸ್ಸಿನಲ್ಲಿ ಕೂತರೆ ಸಿಗುವಷ್ಟು ದೂರದಲ್ಲಿದ್ದಳು. ಅವಳ ಕಣ್ಣು ಮಂಜಾಗಿ ಓದಲಾಗದಂತಾದಾಗ ತಪ್ಪಣ್ಣ ದೊಡ್ಡ ಬಟನ್ನುಗಳ ಸಿಡಿ ಪ್ಲೇಯರ್ ಕಳಿಸಿದ. ಆಮೇಲೆ ತಿಂಗಳಿಗೊಮ್ಮೆ ಹನ್ನೆರಡು ಹಳೇ ಹಾಡುಗಳನ್ನು ಡಿಸ್ಕಿಗೆ ಹಾಕಿ ಅಂಚೆಗೆ ಕೊಡತೊಡಗಿದ. ಅವಳು ಪಟ್ಟಿ ಓದಲಾರಳು ಎಂದು ಪ್ರತಿ ಹಾಡಿನ ಮುಂದೆ ತನ್ನ ಗೊಗ್ಗರು ದನಿಯಲ್ಲೇ, "ಅಕ್ಕಾ, ಇದು ಒಂದನೇದು," "ಅಕ್ಕಾ, ಇದು ಎರಡನೇದು" ಎಂದು ಸೇರಿಸುತ್ತಿದ್ದ.

ಆದರೆ ಡಿಸ್ಕು ಓಡಬೇಕಲ್ಲ! ಭಾನುವಾರ ಸಂಜೆ ನಾಲ್ಕಕ್ಕೆ ಫೋನ್ ಮಾಡಿದರೆ ಅಕ್ಕನದು ಒಂದೇ ಮಾತು: "ಇಲ್ಲ ಕಣೋ, ಓಡ್ತಿಲ್ಲ."

ತಪ್ಪಣ್ಣ ಪಟ್ಟು ಬಿಡಲಿಲ್ಲ. ಮೊದಲ ತಿಂಗಳ ತಪ್ಪು ಅವನದೇ ಆಗಿತ್ತು: ಫೈಲುಗಳನ್ನು ಕಂಪ್ಯೂಟರಿನಲ್ಲಿ ಇದ್ದ ಹಾಗೇ ತುಂಬಿದ್ದ, ಅಂಥ ಪ್ಲೇಯರಿಗೆ ಅದು ಅರ್ಥವಾಗುವುದಿಲ್ಲ. ಎರಡನೇ ಸಲ ಆಡಿಯೊ ಸಿಡಿಯಾಗಿಯೇ ಬರೆದ. ಓಡಲಿಲ್ಲ. ಬರೆಯುವ ವೇಗ ಇಳಿಸಿದ, ಬೇರೆ ಕಂಪನಿಯ ಖಾಲಿ ಡಿಸ್ಕು ತಂದ, ಕೊನೆಯಲ್ಲಿ ಬರೆದದ್ದು ಮುಗಿಯಿತೆಂದು ಡಿಸ್ಕನ್ನು ಮುಚ್ಚುವ ಆಯ್ಕೆ ಒತ್ತಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡಿದ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಕೆಂಪು ಗೆರೆ ಎಳೆದ. ಫೋನಿನಲ್ಲಂತೂ ಅರ್ಧ ಗಂಟೆ ಪಾಠ.

"ಮುಚ್ಚಳ ತೆಗಿ. ಹೊಳೆಯೋ ಮುಖ ಕೆಳಗಿದೆಯಾ?"

"ನನ್ನ ಕಣ್ಣಿಗೆ ಎಲ್ಲಾನೂ ಹೊಳೆಯತ್ತಲ್ಲೋ!"

ಡಿಸ್ಕಿನ ಕಾಟ ಶುರುವಾಗುವ ಮೊದಲೆಲ್ಲ ಅವರ ಮಾತು "ಊಟ ಆಯ್ತಾ?" "ಆಯ್ತು, ನಿಂದು?" ಎಂಬಲ್ಲಿಗೆ ಮುಗಿದುಹೋಗುತ್ತಿತ್ತು. ಒಂದು ದಿನ ಖಾಲಿ ಡಿಸ್ಕು ಹಿಡಿದು ಹತ್ತುವಾಗ ತಪ್ಪಣ್ಣ ಮೆಟ್ಟಿಲಲ್ಲಿ ಜಾರಿ ಮಂಡಿ ಊದಿಸಿಕೊಂಡ. ಅದನ್ನು ಅಕ್ಕನಿಗೂ ಹೇಳಲಿಲ್ಲ. ಅವನನ್ನು ಕೊರೆಯುತ್ತಿದ್ದದ್ದೇ ಬೇರೆ. ಅಕ್ಕನಿಗೆ ತಾನು ಮಾಡಿಕೊಡಬಲ್ಲ ಕೆಲಸ ಇದೊಂದೇ, ಇದೂ ಕೈಗೂಡದಿದ್ದರೆ ತಾನು ಯಾರಿಗೆ ಬೇಕಾದವನು?

ಒಂದು ಬುಧವಾರ ಬೆಳಿಗ್ಗೆ ಸ್ನಾನ ಮಾಡುವಾಗ ಹೊಸ ಕಾರಣ ಹೊಳೆಯಿತು. ತಾನು ಅಂಟಿಸುವ ಕಾಗದದ ಲೇಬಲ್ಲಿನಿಂದಲೇ ಡಿಸ್ಕು ಅಲುಗಾಡುತ್ತಿರಬಹುದು! ಭಾನುವಾರದವರೆಗೆ ಕಾಯಲಾರದೆ ಒದ್ದೆ ತಲೆಯಲ್ಲೇ ಫೋನ್ ಮಾಡಿದ. ಎತ್ತಿದವಳು ಅಕ್ಕನ ಮನೆಯ ಅಡುಗೆಯಾಕೆ.

"ಅಮ್ಮ ಒಳಗೆ ಹಾಡಿನ ಡಬ್ಬಿ ಮುಂದೆ ಕೂತಿದಾರೆ. ಕರೀಲಾ?"

ತಪ್ಪಣ್ಣ ಉತ್ತರಿಸುವ ಮೊದಲೇ ಅತ್ತಲಿಂದ ಅವನದೇ ದನಿ ಕೇಳಿತು: "ಅಕ್ಕಾ, ಇದು ಮೂರನೇದು." ಹಾಡಿನ ಮೊದಲ ತುಣುಕು ಬಂತು, ಕಟ್ಟಾಯಿತು. "ಅಕ್ಕಾ, ಇದು ನಾಲ್ಕನೇದು." ಮತ್ತೆ ಕಟ್ಟಾಯಿತು.

"ದಿನಾ ಇದೇ ಕತೆ," ಅಡುಗೆಯಾಕೆ ನಕ್ಕಳು. "ಹಾಡು ಬರೋಕೇ ಬಿಡಲ್ಲ. ಬಟನ್ ಒತ್ತಿ ಒತ್ತಿ ನೀವು ಮಾತಾಡೋದಷ್ಟೇ ಕೇಳ್ತಾರೆ."

"ಕರೀಬೇಡಿ," ಎಂದ ತಪ್ಪಣ್ಣ. "ನಾನು ಫೋನ್ ಮಾಡಿದ್ದೆ ಅಂತ್ಲೂ ಹೇಳಬೇಡಿ."

ಮೊದಲು ಬಂದದ್ದು ಸಿಟ್ಟೇ. ಇಷ್ಟು ತಿಂಗಳು ತಲೆ ಕೆಡಿಸಿಕೊಂಡದ್ದು ಸುಮ್ಮನೆಯೇ? ಆಮೇಲೆ ಹಳೇ ಚಾಳಿಯಂತೆ ಪದ ಎಣಿಸಿದ. ಹಾಡಿಗೆ ಮೂರು ಮಾತು, ಹನ್ನೆರಡು ಹಾಡಿಗೆ ಮೂವತ್ತಾರು. ಫೋನಿನ ಪಾಠ ಬಿಟ್ಟರೆ ತಿಂಗಳಿಗೆ ಮೂವತ್ತಾರು ಮಾತಿನ ತಮ್ಮ ತಾನು. ಡಿಸ್ಕು ಓಡಿತು ಎಂದರೆ ಆ ಪಾಠವೂ ನಿಂತೀತು, ಫೋನ್ ಮಾಡುತ್ತಿರು ಎಂದು ಬಾಯಿಬಿಟ್ಟು ಕೇಳುವ ಜಾತಿಯಲ್ಲ ಅಕ್ಕ. ತಾನಾದರೂ ಬಾಯಿಬಿಟ್ಟು ಏನು ಹೇಳಿದ್ದೇನೆ? ತಪ್ಪಣ್ಣನಿಗೆ ಅಳು ಬಂತು, ಒಬ್ಬನೇ ಇದ್ದುದರಿಂದ ಅತ್ತ.

ಆ ತಿಂಗಳ ಡಿಸ್ಕಿನಲ್ಲಿ ಹಾಡುಗಳನ್ನು ಅರ್ಧಕ್ಕಿಳಿಸಿದ. ಉಳಿದ ಜಾಗಕ್ಕೆ ಮಾತಾಡಿದ. ಮೊದಮೊದಲು ನಾಲಿಗೆ ಏಳಲಿಲ್ಲ. ಎರಡನೇ ಹಾಡಿನ ಮುಂದೆ ಎದುರು ಮನೆಯ ಬೆಕ್ಕಿನ ವಿಷಯ, ನಾಲ್ಕನೆಯದಕ್ಕೆ ಬಟ್ಟೆ ಹೊತ್ತ ಕುರ್ಚಿಯ ವಿಷಯ, ಐದನೆಯದಕ್ಕೆ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು. ಲೇಬಲ್ ಅಂಟಿಸದೆ ಕಳಿಸಿದ.

ಭಾನುವಾರ ನಾಲ್ಕಕ್ಕೆ ಕೇಳಿದ. "ಓಡ್ತಾ ಅಕ್ಕಾ?"



"ಎಲ್ಲಿ ಓಡತ್ತೆ! ಒಂದೂ ಓಡ್ಲಿಲ್ಲ ಕಣೋ," ಎಂದಳು ಅಕ್ಕ. ಮೂಗು ಕಟ್ಟಿದಂತಿತ್ತು ದನಿ. "ಅದಿರ್ಲಿ, ಮಂಡಿ ಈಗ ಹೇಗಿದೆ? ಶಾಖ ಕೊಡ್ತಿದೀಯಾ?"

ತಪ್ಪು ಹಿಡಿಯುವವನ ಕೈಗೆ ತಪ್ಪು ತಾನಾಗೇ ಬಂದು ಬಿದ್ದಿತ್ತು. ತಪ್ಪಣ್ಣ ನೋಟ್‌ಬುಕ್ಕು ಮುಚ್ಚಿ, ಎರಡನೇ ಕುರ್ಚಿಯ ಬಟ್ಟೆ ಸರಿಸಿ ಊದಿದ ಕಾಲನ್ನು ಅದರ ಮೇಲೆ ಚಾಚಿದ.

"ಕೊಡ್ತಿದೀನಿ ಅಕ್ಕಾ," ಎಂದ. "ನೀನು ಮೊದಲು ಮುಚ್ಚಳ ತೆಗಿ. ನೋಡೋಣ."