ಕೀಲಿ ಹಾಕಿದ ಬೀರುಗಳೂ ನನ್ನ ಮೂರು ಯೋಜನೆಗಳೂ

ಮೊನ್ನೆ ಸಂತೆಗೆ ಹೋದಾಗ ಕಿರಾಣಿ ಅಂಗಡಿಯವನು ಡಾಂಬರು ಗುಳಿಗೆಯ ಪೊಟ್ಟಣ ಒಡೆದು ಡಬ್ಬಿಗೆ ಸುರಿಯುತ್ತಿದ್ದ. ಟ್ರಂಕಿನ ಬಟ್ಟೆಗೆ ನುಸಿ ಹತ್ತದಿರಲೆಂದು ಇಡುತ್ತೇವಲ್ಲ, ಆ ಬಿಳಿ ಗುಳಿಗೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಸೊಂಟಕ್ಕೆ ಹೋಗಿ ಕೀಲಿ ಗೊಂಚಲನ್ನು ತಡಕಾಡಿತು. ನಾನು ನಿವೃತ್ತನಾಗಿ ಕೆಲವು ವರ್ಷಗಳೇ ಆದವು. ಕೈಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ.

ನಾನು ಸರಕಾರಿ ಗ್ರಂಥಾಲಯವೊಂದರ ಮೇಲ್ವಿಚಾರಕನಾಗಿದ್ದೆ. ವಾಡಿಗೂ ಶಹಾಬಾದಿಗೂ ನಡುವೆ ಎಲ್ಲೋ ಇರುವ ಊರು ಎಂದಷ್ಟೇ ತಿಳಿಯಿರಿ. ಹೆಸರು ಹೇಳಿದರೆ ಅಲ್ಲಿನವರು ನನ್ನನ್ನು ಗುರುತು ಹಿಡಿದು ನಕ್ಕಾರು. ಬಾಡಿಗೆಯ ಒಂದು ದೊಡ್ಡ ಕೋಣೆ, ಎರಡು ಉದ್ದನೆ ಮೇಜು, ಆರು ಕಬ್ಬಿಣದ ಬೀರು. ಆರಕ್ಕೂ ಕೀಲಿ. ಒಳಗೆ ಪುಸ್ತಕ, ಪುಸ್ತಕದ ನಡುವೆ ಡಾಂಬರು ಗುಳಿಗೆ. ಓದುಗರಿಗೆ ಸಿಗುತ್ತಿದ್ದದ್ದು ಮೇಜಿನ ಮೇಲಿನ ಪತ್ರಿಕೆಗಳು ಮಾತ್ರ. ಪುಸ್ತಕ ಬೇಕೆಂದರೆ ಹೆಸರು ಬರೆದುಕೊಡಬೇಕು, ನಾನು ಕೀಲಿ ತೆಗೆಯಬೇಕು, ತೆಗೆಯುವ ಮೊದಲು ಅವರ ಮುಖವನ್ನೊಮ್ಮೆ ನೋಡಬೇಕು. ನನ್ನ ನೋಟಕ್ಕೆ ಹೆದರಿ ಅರ್ಧ ಜನ ‘ಇರ್ಲಿ ಬಿಡ್ರಿ’ ಎಂದು ಪತ್ರಿಕೆಗೇ ಮರಳುತ್ತಿದ್ದರು. ಪುಸ್ತಕ ಕಳೆದರೆ ಪಗಾರದಲ್ಲಿ ಹಿಡಿಯುತ್ತಾರೆಂಬ ಭಯ ಒಂದು ಕಡೆ. ಅನುದಾನ ಯಾವ ವರ್ಷ ಬರುತ್ತದೋ, ಯಾವ ವರ್ಷ ಇಲ್ಲವೋ, ಇದ್ದ ಪುಸ್ತಕವನ್ನಾದರೂ ಜೋಪಾನ ಮಾಡೋಣ ಎಂಬ ದೂರದೃಷ್ಟಿ ಇನ್ನೊಂದು ಕಡೆ. ಭಯಕ್ಕೆ ದೂರದೃಷ್ಟಿ ಎಂದು ಹೆಸರಿಡುವ ಕಲೆ ಸರಕಾರಿ ನೌಕರಿಯಲ್ಲಿ ಬೇಗ ಬರುತ್ತದೆ.

ಅನುದಾನದ ವಿಷಯ ಸ್ವಲ್ಪ ಹೇಳಬೇಕು. ಮನೆ ತೆರಿಗೆಯ ಜೊತೆ ಜನರಿಂದ ಗ್ರಂಥಾಲಯ ಕರವನ್ನೂ ವಸೂಲಿ ಮಾಡುತ್ತಾರೆ. ಆ ಕರ ನಮ್ಮವರೆಗೆ ಬರುವ ದಾರಿ ಮಾತ್ರ ಬಲು ದೂರದ್ದು. ಒಂದು ವರ್ಷ ಪೂರ್ತಿ ಬಂತು, ಒಂದು ವರ್ಷ ಅರ್ಧ, ಒಂದು ವರ್ಷ ಪತ್ರವಷ್ಟೇ ಬಂತು. ಹೀಗಾಗಿ ಒಮ್ಮೆ ಮೇಲಿನವರು ಸಭೆ ಕರೆದು, ಹಣ ಬಂದರೂ ಬಾರದಿದ್ದರೂ ನಡೆಯುವಂಥ ಯೋಜನೆ ಮಾಡಿರಿ ಎಂದರು. ಉಳಿದವರು ತಲೆ ಕೆರೆದುಕೊಂಡರು. ನಾನು ಹಿಗ್ಗಿದೆ. ಯೋಜನೆ ಬರೆಯುವುದೆಂದರೆ ನನಗೆ ಹೋಳಿಗೆ ಊಟ.

ಮೂರು ಯೋಜನೆ ಬರೆದೆ. ಪೂರ್ತಿ ಬಂದರೆ ಹನ್ನೊಂದು ಪುಟ: ಮಕ್ಕಳ ವಿಭಾಗ, ತಣ್ಣೀರಿನ ಯಂತ್ರ, ಗೋಡೆಗೆ ಸುಭಾಷಿತ, ನನಗೊಂದು ತಿರುಗುವ ಕುರ್ಚಿ. ಅರ್ಧ ಬಂದರೆ ಐದು ಪುಟ. ಅದರಲ್ಲಿ ತಣ್ಣೀರಿನ ಯಂತ್ರ ಹೋಯಿತು, ಕುರ್ಚಿ ಉಳಿಯಿತು. ಏನೂ ಬಾರದಿದ್ದರೆ ಒಂದೇ ಸಾಲು: ‘ಪರಿಸ್ಥಿತಿಯನ್ನು ಅವಲೋಕಿಸಲಾಗುವುದು.’ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಮೇಲಿನವರಿಗೆ ಎಷ್ಟು ಮೆಚ್ಚಿಕೆಯಾಯಿತೆಂದರೆ, ಹಳ್ಳಿಯ ಗ್ರಂಥಾಲಯದವರಿಗೂ ಹೀಗೆ ಬರೆಯಲು ಕಲಿಸಿ ಬಾ ಎಂದು ನನ್ನನ್ನೇ ಕುಂಚಾವರಂ ಕಡೆಗೆ ಕಳಿಸಿದರು.

ಚಿತ್ತಾಪುರ ದಾಟಿ ಸೇಡಂವರೆಗೆ ರೈಲು, ಅಲ್ಲಿಂದ ಚಿಂಚೋಳಿಗೆ ಬಸ್ಸು, ಮುಂದೆ ಕಾಡಿನ ದಾರಿಯಲ್ಲಿ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನನ್ನ ಭಾಷಣ ಬಾಯಿಪಾಠ ಮಾಡಿದೆ. ತೆಲುಗು ಸೀಮೆಯ ಗಡಿಗೆ ಹತ್ತಿರದ ಆ ಊರಿನಲ್ಲಿ ಪಂಚಾಯಿತಿಯ ಪಕ್ಕದ ಒಂದೇ ಕೋಣೆಯ ಗ್ರಂಥಾಲಯ. ಅದನ್ನು ನಡೆಸುತ್ತಿದ್ದವರು ನರಸಮ್ಮ. ನಲವತ್ತು ದಾಟಿದ ಹೆಂಗಸು. ಗೌರವಧನ ತಿಂಗಳುಗಟ್ಟಲೆ ಬಂದಿರಲಿಲ್ಲವಂತೆ. ಬೆಳಿಗ್ಗೆ ಗ್ರಂಥಾಲಯ ನಡೆಸಿ, ಮಧ್ಯಾಹ್ನ ತೊಗರಿ ಹೊಲದ ಕೆಲಸಕ್ಕೆ ಹೋಗುತ್ತಿದ್ದರು. ನನಗಾಗಿ ಅಂದು ಹೊಲದ ಕೂಲಿ ಬಿಟ್ಟಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ.

“ಕುಂದ್ರಿ ಸರ್, ನೀರು ಕುಡೀರಿ. ಭಾಳ ದೂರದಿಂದ ಬಂದೀರಿ” ಎಂದರು.

ನಾನು ಕುಳಿತು ಭಾಷಣ ಶುರುಮಾಡಿದೆ. ಅವರು ಸಮಾಧಾನದಿಂದ ಕೇಳಿ, ನನ್ನ ಹಾಳೆಗಳನ್ನು ತಿರುವಿ, ಕೊನೆಯದರ ಮೇಲೆ ಬೆರಳಿಟ್ಟರು.

“ಬರ್ಲಿಲ್ಲಂದ್ರ ಅನ್ನೋದಕ ಒಂದೇ ಸಾಲು ಬರ್ದೀರಲ್ರಿ ಸರ್? ನಮಗ ಹೆಚ್ಚಾಗಿ ಆಗೋದ ಅದು.”

ನನಗೆ ಕೆಮ್ಮು ಬಂತು. ನೀವೇನು ಮಾಡಿದ್ದೀರಿ ಎಂದು ತುಸು ಬಿಗುವಿನಿಂದಲೇ ಕೇಳಿದೆ. ಅವರು ಗೋಡೆ ತೋರಿಸಿದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಏನೇ ಆದರೂ ನಿಲ್ಲಬಾರದ್ದು: ಬೆಳಿಗ್ಗೆ ಎಂಟಕ್ಕೆ ಬಾಗಿಲು, ಒಂದು ಕನ್ನಡ ಪತ್ರಿಕೆ, ಒಂದು ತೆಲುಗು ಪತ್ರಿಕೆ, ಮನೆಗೆ ಒಯ್ಯಲು ಪುಸ್ತಕ. ಹಣ ಬಂದರೆ ಮೊದಲು ಮಾಡಬೇಕಾದ್ದು: ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರುವುದನ್ನು ನಿಲ್ಲಿಸುವುದು. ಬಾರದಿದ್ದರೆ ಬಿಡಬೇಕಾದ್ದು: ಯಾರೂ ಮುಟ್ಟದ ಮೂರು ಮಾಸಿಕ, ಶಾಲು ಹೊದಿಸುವ ಕಾರ್ಯಕ್ರಮ.

“ಹಣ ಇಲ್ಲದೆ ಪತ್ರಿಕೆ ಎಲ್ಲಿಂದ?” ಎಂದೆ.

“ಕನ್ನಡದ್ದು ಸಾಲಿ ಮಾಸ್ತರು ಓದಿ ಹತ್ತು ಗಂಟಿಗಿ ಕೊಟ್ಟು ಹೋಗ್ತಾರ್ರಿ. ತೆಲುಗಿಂದು ತಾಂಡೂರ್ ಬಸ್ಸಿನ ಕಂಡಕ್ಟರ್ ತರ್ತಾನ. ನಿನ್ನಿದು ಇರ್ತದ, ಆದ್ರೂ ನಡೀತದ. ರೊಕ್ಕ ಬಂದ ವರ್ಷ ಪೇಪರಿಗಿ ಹಾಕಂಗಿಲ್ರಿ. ಹತ್ತು ವರ್ಷ ಉಳಿಯೋ ಪುಸ್ತಕ ತರ್ತೀನಿ.”

“ಈ ಪಟ್ಟಿ ಮಾಡಲು ಯಾರು ಕಲಿಸಿದರು?”

“ಯಾರ್ ಕಲಿಸ್ತಾರ್ರಿ? ಓದಾಕ ಬರೋ ಮಂದೀನ ಕೇಳಿದ್ನಿ. ಯಾವುದು ಇಲ್ಲಂದ್ರ ನಿಮಗ ನಡ್ಯಂಗಿಲ್ಲ ಅಂತ. ನೀವೂ ಕೇಳೇ ಇರ್ತೀರಲ್ರಿ?”

“ಹೌದು ಹೌದು” ಎಂದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಮರಳಿ ಬರುವಾಗ ರೈಲಿನಲ್ಲಿ, ಹಳ್ಳಿಗೆ ಇದೆಲ್ಲ ಸರಿ, ಪಟ್ಟಣದ ಮಾತೇ ಬೇರೆ ಎಂದು ಸಮಾಧಾನ ಮಾಡಿಕೊಂಡೆ. ಮೇಲಿನವರಿಗೆ ‘ತರಬೇತಿ ಯಶಸ್ವಿ’ ಎಂದು ವರದಿ ಬರೆದೆ. ಯಾರು ಯಾರಿಗೆ ತರಬೇತಿ ಕೊಟ್ಟರೆಂದು ಅವರೂ ಕೇಳಲಿಲ್ಲ.

ಆ ವರ್ಷ ಹಣ ಬರಲಿಲ್ಲ. ನಾನು ಯೋಜನೆಯ ಪ್ರಕಾರ ಪರಿಸ್ಥಿತಿಯನ್ನು ಅವಲೋಕಿಸತೊಡಗಿದೆ. ಅವಲೋಕಿಸುತ್ತಿದ್ದಂತೆ ಪೇಪರಿನವನು ಬರುವುದನ್ನು ನಿಲ್ಲಿಸಿದ. ಒಂದು ವಾರ ಜನ ಬಂದು ಖಾಲಿ ಮೇಜು ನೋಡಿ ಹೋದರು. ಎರಡನೆಯ ವಾರ ಬರುವುದನ್ನೇ ಬಿಟ್ಟರು. ಕಡೆಗೆ ಉಳಿದವರು ರೈಲ್ವೆ ಗಾರ್ಡ್ ಆಗಿ ನಿವೃತ್ತರಾಗಿದ್ದ ಖಾಸೀಂ ಸಾಹೇಬರು ಒಬ್ಬರೇ. ಅವರಿಗೆ ಹೊತ್ತಿಗೆ ಸರಿಯಾಗಿ ಎಲ್ಲಿಗಾದರೂ ಹೋಗಿ ಮುಟ್ಟುವ ಚಟ. ಹಾಜರಿ ಪುಸ್ತಕದಲ್ಲಿ ದಿನಕ್ಕೆ ಒಂದೇ ಸಹಿ.

ಆಮೇಲೆ ಪತ್ರ ಬಂತು. ಓದುಗರಿಲ್ಲದ ಶಾಖೆಗಳಿಗೆ ಬಾಡಿಗೆ ಕಟ್ಟುವುದು ಕಷ್ಟ. ತಿಂಗಳ ನಂತರ ಪರಿಶೀಲನೆ ಮಾಡಿ, ಮುಚ್ಚಬೇಕಾದ್ದನ್ನು ಮುಚ್ಚಿ, ಪುಸ್ತಕಗಳನ್ನು ದೊಡ್ಡ ಊರಿನ ಶಾಖೆಗೆ ಸಾಗಿಸಲಾಗುವುದು ಎಂದು. ಪತ್ರವನ್ನು ಎರಡು ಸಲ ಓದಿದೆ. ನನ್ನ ನೌಕರಿಗೇನೂ ಧಕ್ಕೆ ಇರಲಿಲ್ಲ. ಎಲ್ಲಿಗೋ ವರ್ಗ ಮಾಡುತ್ತಿದ್ದರು. ಆದರೂ ಊರಿಗೆ ಇದ್ದ ಒಂದೇ ಗ್ರಂಥಾಲಯ ನನ್ನ ಕೈಯಲ್ಲಿ ಸಾಯುತ್ತಿದೆ, ನಾನು ಅದರ ಕೀಲಿ ಕಾಯುತ್ತಾ ಕುಳಿತಿದ್ದೇನೆ ಎಂದು ಮೊದಲ ಸಲ ಹೊಳೆಯಿತು. ಎದುರಿಗೆ ಖಾಸೀಂ ಸಾಹೇಬರು ಕುಳಿತಿದ್ದರು. ನಾಚಿಕೆ ಬಿಟ್ಟು ಪತ್ರ ಓದಿ ಹೇಳಿ, ನರಸಮ್ಮನವರ ಪ್ರಶ್ನೆಯನ್ನೇ ಕೇಳಿದೆ: “ಏನಿದ್ರ ಮಂದಿ ಬರ್ತಾರ್ರಿ ಸಾಹೇಬ್ರ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಸಿಟ್ಟಾಗಂಗಿಲ್ಲಂದ್ರ ಹೇಳ್ತೀನಿ. ಹನ್ನೆರಡು ವರ್ಷ ಆತು ನಾ ಬರಾಕತ್ತಿ. ಆ ಬೀರುದಾಗ ಏನೈತಿ ಅಂತ ಇವತ್ತಿನತನಾ ನನಗ ಗೊತ್ತಿಲ್ರಿ. ಮೊದ್ಲ ಆ ಕೀಲಿ ತಗೀರಿ. ಅದಕ್ಕೇನು ಗ್ರಾಂಟ್ ಬೇಕಾಗಿಲ್ಲ.”

ಸಿಟ್ಟಾಗಬೇಕೆಂದರೂ ಆಗಲಿಲ್ಲ. ಇಬ್ಬರೂ ಎದ್ದು ಆರು ಬೀರುಗಳ ಕೀಲಿ ತೆಗೆದೆವು. ಒಂದರ ಬಾಗಿಲು ತುಕ್ಕು ಹಿಡಿದು ತೆರೆಯಲೊಲ್ಲದು. ಸಾಹೇಬರು ಕಾಲು ಕೊಟ್ಟು ಎಳೆದರು. ಡಾಂಬರು ಗುಳಿಗೆಯ ಗಾಳಿ ನುಗ್ಗಿ ಇಬ್ಬರಿಗೂ ಸೀನು ಶುರುವಾಯಿತು. ಮೇಜಿನ ಮೇಲೆ ಪತ್ರಿಕೆ ಇರಬೇಕಾದಲ್ಲಿ ಪುಸ್ತಕ ಹರಡಿದೆವು. ಸಾಹೇಬರು ಊರ ತುಂಬ ಸುದ್ದಿ ಹೇಳಿ ಬಂದರು.

ಮೊದಲು ಪರೀಕ್ಷೆಗೆ ಓದುವವರು ಬಂದರು. ಆಮೇಲೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕೆಲಸದವರು ಕೆಲಸ ಮುಗಿಸಿ ಬಂದರು, ಬಟ್ಟೆಯ ಮೇಲಿನ ಬಿಳಿ ಧೂಳಿನ ಸಮೇತ. ಆ ಧೂಳು ನೋಡಿ ನನ್ನ ಜೀವ ಹೌಹಾರಿದರೂ ತುಟಿ ಕಚ್ಚಿಕೊಂಡು ಕುಳಿತೆ. ಒಬ್ಬಾಕೆ ಹೊಲಿಗೆಯ ಪುಸ್ತಕ ಹಿಡಿದು, “ಮನಿಗಿ ಒಯ್ಯಬೌದೇನ್ರಿ?” ಎಂದು ಕೇಳಿದಾಗ ನನ್ನ ಬಾಯಿಂದ ‘ಹೂಂ’ ಹೊರಡಲು ಎಷ್ಟು ಹೊತ್ತು ಹಿಡಿಯಿತೆಂದರೆ, ಆಕೆ ಪುಸ್ತಕವನ್ನು ತಿರುಗಿ ಇಡಲು ಹೊರಟಿದ್ದಳು. ಓಡಿಹೋಗಿ ಕೈಗೆ ಕೊಟ್ಟೆ. ಪತ್ರಿಕೆಗಳ ದಾರಿಯೂ ತೆರೆಯಿತು. ರೈಲ್ವೆ ಕ್ವಾರ್ಟರ್ಸಿನ ಇಬ್ಬರು ತಾವು ಓದಿದ್ದನ್ನು ದಿನಾ ತಂದಿಡತೊಡಗಿದರು.

ಪರಿಶೀಲನೆಗೆ ಬಂದ ಅಧಿಕಾರಿಗೆ ಕೂರಲು ಜಾಗ ಸಿಗದೆ ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ. ಶಾಖೆ ಉಳಿಯಿತು. ಮಾರ್ಚ್ ಕೊನೆಗೆ ಅರ್ಧ ಅನುದಾನವೂ ಬಂತು. ಐದು ಪುಟದ ಯೋಜನೆಯನ್ನು ಬದಿಗಿಟ್ಟು ಓದುಗರನ್ನು ಕೇಳಿದೆ. ತಿರುಗುವ ಕುರ್ಚಿ ಬೇಕೆಂದು ಒಬ್ಬರೂ ಹೇಳಲಿಲ್ಲ. ಬಾಗಿಲಿಲ್ಲದ ಕಪಾಟು ಬಂದವು. ಕೆಲವು ಪುಸ್ತಕ ಕಳೆದವು, ಪಗಾರದಲ್ಲಿ ಹಿಡಿದರು. ನಾನು ಹೆದರಿದ್ದಷ್ಟೇನೂ ಅಲ್ಲ. ನರಸಮ್ಮನವರಿಗೆ ಫೋನು ಮಾಡಿ, ಅಲ್ಲಿಯವರೆಗೆ ಒಬ್ಬರನ್ನೂ ಕೇಳಿರಲಿಲ್ಲವೆಂಬ ನಿಜ ಹೇಳಿದೆ, ವರದಿಯಲ್ಲಿ ಬರೆದ ಸುಳ್ಳನ್ನೂ. ಅವರು ನಕ್ಕು, “ಇರ್ಲಿ ಬಿಡ್ರಿ ಸರ್, ನಮ್ಮ ಮಾಳಿಗಿ ಸೋರೂದ್ ನಿಂತ್ರ ಸಾಕು” ಎಂದರು. ಮುಂದಿನ ಸಭೆಯಲ್ಲಿ ಎದ್ದು ನಿಂತು ಅವರ ಪಟ್ಟಿಯನ್ನು ಓದಿದೆ, ಅವರ ಹೆಸರು ಹೇಳಿಯೇ. ಮೇಲಿನವರು ಹಣ ಕೊಟ್ಟು, ಆ ಮಳೆಗಾಲದ ಹೊತ್ತಿಗೆ ಅವರ ಮಾಳಿಗೆ ದುರಸ್ತಿಯಾಯಿತು. ನನ್ನ ನೌಕರಿಯಲ್ಲಿ ನಾನು ಮಾಡಿದ ಒಂದು ನೆಟ್ಟಗಿನ ಕೆಲಸ ಅದೇ ಇರಬೇಕು.

ಇದನ್ನೆಲ್ಲ ನೆನೆಯುತ್ತಾ ಮೊನ್ನೆ ಸಂತೆಯಿಂದ ಬರುವಾಗ ಕಾಲು ನನ್ನ ಹಳೆಯ ಗ್ರಂಥಾಲಯದ ಕಡೆಗೇ ಎಳೆಯಿತು. ಹೆಂಡತಿ ಜೊತೆಗಿದ್ದಳು. ಈಗಿನ ಮೇಲ್ವಿಚಾರಕಿ ಭಾಗ್ಯಶ್ರೀ ಓದುಗರನ್ನೆಲ್ಲ ಸುತ್ತ ಕೂರಿಸಿಕೊಂಡಿದ್ದಳು. ಈ ವರ್ಷವೂ ಹಣದ ಖಾತ್ರಿ ಇಲ್ಲವಂತೆ. ಯಾವುದನ್ನು ಉಳಿಸೋಣ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡು, “ಬರ್ರಿ ಸರ್” ಎಂದಳು. ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಆಕೆ ನನ್ನ ಹೆಂಡತಿಯ ಕಡೆ ತಿರುಗಿ, “ಅಮ್ಮಾರ, ನಿಮಗೇನ್ ಬೇಕ್ರಿ?” ಎಂದಳು.

“ದಪ್ಪ ಅಕ್ಷರದ ಪುಸ್ತಕ ಇದ್ರ ಬೇಕಿತ್ತವಾ. ಓದಬೇಕಂತ ಭಾಳ ದಿನದಿಂದ ಅದ” ಎಂದಳು ನನ್ನ ಹೆಂಡತಿ. ಆಮೇಲೆ ನನ್ನನ್ನು ತೋರಿಸಿ, “ಇವ್ರು ಒಂದಿನಾನೂ ಕೇಳ್ಲಿಲ್ಲ” ಎಂದು ಸೇರಿಸಿದಳು.

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಸದಸ್ಯತ್ವದ ಅರ್ಜಿ ತೆಗೆದುಕೊಂಡು ಅವಳ ಹೆಸರು ತುಂಬಿದೆ. ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ. ಭಾಗ್ಯಶ್ರೀ ಹುಡುಕಿ ಕೊಟ್ಟ ಪುಸ್ತಕ ಹಿಡಿದು ಅವಳು ಕಿಟಕಿಯ ಬೆಳಕಿಗೆ ಹೋಗಿ ಕುಳಿತಳು. ಸೊಪ್ಪು ಬಾಡುತ್ತದೆ, ಹೊರಡೋಣವೇ ಎಂದೆ. ಕೇಳಿಸಲಿಲ್ಲವೋ ಏನೋ. ಸಂತೆ ಚೀಲ ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತು ಕಾದೆ.