ಯಾರಿಗೂ ಹೊಂದದ ರಕ್ತ

ಎದುರಿನ ಹಿಟ್ಟಿನ ಗಿರಣಿಯ ಬೆಲ್ಟು ಟಪಟಪ ಬಡಿಯತೊಡಗಿದರೆ ರಕ್ತದಕ್ಕ ಕೆಲಸಕ್ಕೆ ಹೊರಟಳೆಂದೇ ಲೆಕ್ಕ. ಬೀದಿಯವರು ಇಟ್ಟ ಹೆಸರು ಅದು. ರೋಗಿಯ ರಕ್ತಕ್ಕೆ ದಾನಿಯ ರಕ್ತ ಹೊಂದುತ್ತದೆಯೇ ಎಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ನೋಡುವವಳು ಅವಳು. ಹೊಂದದಿದ್ದರೆ ಗಾಜಿನ ಕೊಳವೆಯಲ್ಲಿ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಮರಳಿನಂತೆ ಗಂಟುಗಂಟಾಗುತ್ತವೆ.

ಗಂಡ ಭಾಷೆ ಕಲಿಸುವ ಮೇಷ್ಟ್ರು. "ನಮ್ಮ ಮಾತೂ ಹಾಗೇ ಕಣೇ. 'ಮನೆ'ಗೆ 'ಅವರು' ಅಂಟ್ತು, ಅದಕ್ಕೆ 'ಇಗೆ', ಅದರ ಬಾಲಕ್ಕೊಂದು 'ಊ'. ಮನೆಯವರಿಗೂ! ಒಂದೇ ಪದದಲ್ಲಿ ಇಡೀ ಸಂಸಾರ."

"ನಿಮ್ಮಲ್ಲಿ ಅಂಟಿದ್ರೆ ಅರ್ಥ. ನಮ್ಮಲ್ಲಿ ಅಂಟಿದ್ರೆ ಅನರ್ಥ," ಎನ್ನುತ್ತಿದ್ದಳು ಅವಳು.

ನಾದಿನಿಗೆ ಗರ್ಭಕೋಶದ ಗೆಡ್ಡೆಯ ಆಪರೇಷನ್ ನಡೆಯಬೇಕಿದ್ದ ದಿನ ಆ ಮಾತು ನಗೆ ತರಲಿಲ್ಲ. ಹುಡುಗಿ ರಕ್ತ ಹೋಗಿ ಹೋಗಿ ಬಿಳಿಚಿಕೊಂಡಿದ್ದಳು. ರಕ್ತ ಸಿದ್ಧವಿಲ್ಲದೆ ಕೈಹಾಕುವುದಿಲ್ಲ ಎಂದಿದ್ದರು ಡಾಕ್ಟರಮ್ಮ. ಅದೇ ಗುಂಪಿನ ರಕ್ತ, ಆದರೂ ಯಾವ ಚೀಲದ್ದು ಬೆರೆಸಿದರೂ ಗಂಟು. ಕೊನೆಗೆ ನಾದಿನಿಯ ರಕ್ತದ ತಿಳಿಯನ್ನು ನಾದಿನಿಯದೇ ರಕ್ತದ ಕಣಗಳೊಡನೆ ಬೆರೆಸಿ ನೋಡಿದಳು. ಅದೂ ಗಂಟು. ಬೇರೆಯವರದಾಗಿದ್ದರೆ ಕಾರಣ ಅಷ್ಟರಲ್ಲೇ ಹೊಳೆಯುತ್ತಿತ್ತು. ಮನೆಯವಳದು; ತಲೆ ಓಡಲಿಲ್ಲ. ಕೊಳವೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಿಟಕಿಯ ಬಳಿ ನಿಂತುಬಿಟ್ಟಳು.

ಬಾಗಿಲಲ್ಲಿ ಗಂಡ ಇಣುಕಿದ. "ಏನಾಯ್ತೇ?"

"ಯಾರದೂ ಹೊಂದ್ತಿಲ್ಲರೀ. ನೋಡಿ ಬೇಕಾದ್ರೆ."

ಮುಷ್ಟಿ ಬಿಚ್ಚಿ ಕೊಳವೆಯನ್ನು ಬೆಳಕಿಗೆ ಹಿಡಿದಳು. ಗಂಟು ಕರಗಿ ನೀರು ನೀರಾದ ಕೆಂಪು ಮಾತ್ರ ಇತ್ತು.

ಕಳೆದ ತಿಂಗಳು ನಾದಿನಿಗೆ ಶ್ವಾಸಕೋಶದ ಸೋಂಕಾಗಿದ್ದದ್ದು ಆಗ ನೆನಪಾಯಿತು. ಅಂಥ ಸೋಂಕು ಬಂದುಹೋದ ಕೆಲವರ ರಕ್ತ ತಣ್ಣಗಾದರೆ ಅಂಟುತ್ತದೆ, ಮೈಬಿಸಿಗೆ ಬಿಟ್ಟುಕೊಳ್ಳುತ್ತದೆ. ಗಂಡನನ್ನು ಅಲ್ಲೇ ಬಿಟ್ಟು ಅವಳು ಬಿಸಿನೀರಿನ ತೊಟ್ಟಿಯತ್ತ ಓಡಿದಳು. ಮೈಯ ಶಾಖದಲ್ಲೇ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿದಳು. ಹೊಂದಿತು. ಚೀಲಗಳೆಲ್ಲ ಹೊಂದಿದವು.

"ಹಾಗಾದ್ರೆ ರಕ್ತಾನೂ ಬೆಚ್ಚಗೆ ಕೊಡೋಣ, ಅವಳನ್ನೂ ಬೆಚ್ಚಗಿಡೋಣ," ಎಂದರು ಡಾಕ್ಟರಮ್ಮ. ರಕ್ತದಕ್ಕ ಸ್ಟೂಲಿನ ಮೇಲೆ ಕೂತಳು.

ಆಪರೇಷನ್ ಮುಗಿದು ಸಂಜೆ ನಾದಿನಿ ಕಣ್ಣುಬಿಟ್ಟಳು. "ಅತ್ತಿಗೆ, ನನ್ನ ರಕ್ತ ಎಲ್ಲರ ಜೊತೆ ಜಗಳ ಆಡ್ತಂತೆ?"

"ಆಡದೆ ಇರುತ್ತಾ? ಯಾರ ಮನೆ ರಕ್ತ ಹೇಳು!"

ಗಂಡ ಸುಮ್ಮನೆ ಕೆಮ್ಮಿದ. ನಾದಿನಿ ನಗಲು ಹೋಗಿ ಹೊಲಿಗೆಯ ನೋವಿಗೆ ಮುಖ ಕಿವುಚಿದಳು. ಅತ್ತಿಗೆ ಅವಳ ಪಾದ ಮುಟ್ಟಿ ನೋಡಿದಳು.

"ತಣ್ಣಗಿದೆ. ನೀವು ಇಲ್ಲೇ ಕೂತಿರಿ, ಅವಳನ್ನ ನಗಿಸ್ಬೇಡಿ. ನರ್ಸಮ್ಮನ ಹತ್ರ ಇನ್ನೊಂದು ಕಂಬಳಿ ಇರ್ಬೇಕು, ಇಲ್ಲಾಂದ್ರೆ ಮೇಲಿನ ವಾರ್ಡಲ್ಲಿ ಕೇಳಿ ತರ್ತೀನಿ," ಎನ್ನುತ್ತಲೇ ಅವಳು ಬಾಗಿಲು ದಾಟಿದಳು.