ಹಿತ್ತಲಲ್ಲಿ ಕೂಗಿದ ಜರಡಿ

ಶ್ರೀರಂಗಪಟ್ಟಣದಲ್ಲಿ ಎಲ್ಲಿ ಅಗೆದರೂ ಹಳೇ ನಾಣ್ಯ ಸಿಗುತ್ತದೆ ಎಂದು ನಮ್ಮ ಯಜಮಾನರೂ ಮೈದುನನೂ ನಂಬಿದ್ದರು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಇಬ್ಬರೂ ಲೋಹ ಹುಡುಕಲು ಒಂದೊಂದು ಯಂತ್ರ ಮಾಡಿದರು. ಯಜಮಾನರದು ಕೆಟ್ಟ ಲೌಡ್‌ಸ್ಪೀಕರಿನ ಅಯಸ್ಕಾಂತ ಕಟ್ಟಿದ ಬಿದಿರುಕೋಲು. ಮೈದುನ ಹಳೇ ಜರಡಿಯ ಮರದ ಅಂಚಿಗೆ ತಾಮ್ರದ ತಂತಿ ಸುತ್ತಿ ಟ್ರಾನ್ಸಿಸ್ಟರ್ ರೇಡಿಯೊಗೆ ಜೋಡಿಸಿದ್ದ. ಲೋಹ ಹತ್ತಿರ ಬಂದರೆ ಅದು ಕುಯ್ಯೋ ಎನ್ನುತ್ತಿತ್ತು. ಯಾವುದು ಮೇಲು ಎಂದು ಜಗಳ ಹತ್ತಿತು. ಕೊನೆಗೆ ಮೋಸವಾಗಬಾರದೆಂದು ಎರಡನ್ನೂ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಇಳಿಸಿದರು.

ಅಯಸ್ಕಾಂತಕ್ಕೆ ಒಂದು ತುಕ್ಕು ಮೊಳೆ, ಎತ್ತಿನ ಅರ್ಧ ಲಾಳ ಅಂಟಿದವು. ಜರಡಿಯೋ, ನಾನು ನಿಂತಲ್ಲೆಲ್ಲ ಕೂಗಿತು!

“ಅಗೀಲಾ, ಇಲ್ಲೇ ಐತೆ ಕಣ್ಲಾ!” ಎಂದು ಯಜಮಾನರು ತಮ್ಮ ಅಯಸ್ಕಾಂತವನ್ನೇ ಮರೆತು ಹಾರೆ ಹಿಡಿದರು. ಗುಂಡಿಯಲ್ಲಿ ಏನೂ ಇರಲಿಲ್ಲ.

“ನಿಧಿ ಜರುಗ್ಬುಟ್ಟೈತೆ ಕಣಣ್ಣ. ಅತ್ತಿಗೆ ಒಸಿ ಅತ್ಲಾಗೋಗ್ಲಿ,” ಎಂದ ಮೈದುನ.

ಹತ್ತು ಹೆಜ್ಜೆ ಆಚೆ ಹೋದೆ. ಅಲ್ಲೂ ಕುಯ್ಯೋ! ಅವರು ಎರಡನೇ ಗುಂಡಿ ತೋಡುತ್ತಿರುವಾಗ ಜರಡಿಯನ್ನು ದೂರ ಚಾಚಿದೆ. ಸದ್ದಿಲ್ಲ. ಪಾದದ ಬಳಿ ತಂದೆ. ಕುಯ್ಯೋ! ನನ್ನ ಬೆಳ್ಳಿಯ ಕಾಲುಂಗುರ! ಉಕ್ಕಿ ಬಂದ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಹೇಳಿಬಿಡಬೇಕೆಂದೇ ಇದ್ದೆ. ಅಷ್ಟರಲ್ಲಿ, ನಾಗಮಂಗಲದ ತವರಿನಿಂದ ನಾನು ತಂದಿಟ್ಟಿದ್ದ ಆರು ತೆಂಗಿನ ಸಸಿಗಳು ಗೋಡೆಯ ಪಕ್ಕದಲ್ಲಿ ಕಣ್ಣಿಗೆ ಬಿದ್ದವು. ಗುಂಡಿ ತೋಡಿಕೊಡಿ ಎಂದು ಎರಡು ತಿಂಗಳಿಂದ ಇಬ್ಬರಿಗೂ ಹೇಳಿ ಹೇಳಿ ಸಾಕಾಗಿತ್ತು. ಇನ್ನೂ ನಾಲ್ಕು ಗುಂಡಿ ಬೇಕು.

ಮತ್ತೆ ಹತ್ತು ಹೆಜ್ಜೆ ಅಳೆದು ನಿಂತು, ಜರಡಿಯನ್ನು ಮೆಲ್ಲಗೆ ಪಾದದ ಬಳಿ ಇಳಿಸಿದೆ.

“ಅಯ್ಯೋ, ಇಲ್ಲೈತೆ, ಬನ್ನಿ ಬನ್ನಿ!” ಎಂದು ಕೂಗಿದೆ.